ಹೆಣ್ಣುಗರದ 90 ಪರ್ಸೆಂಟ್ ಗ್ಯಾರಂಟಿ ಎಲ್ಲಿಂದ ಬಂತು?

ಬೀದರ್ ಕಡಿ ದೇವಣಿ ಹೋರಿಗೆ ಒಂದ್ ಕಾಲಕ್ಕ ಭಾಳ ಕಿಮ್ಮತ್ತಿತ್ತು, ಟ್ರ್ಯಾಕ್ಟರ್ ಬಂದ ಮ್ಯಾಲ ಹಾಲಿನ ಲೆಕ್ಕಾನೇ ಲೆಕ್ಕ. ಅದಕ್ಕ ಈಗ ಸೆಕ್ಸ್ಡ್ ಸೆಮೆನ್, ಅಂದ್ರ ಹೆಣ್ಣುಗರ ಹುಟ್ಟೋಹಂಗ ಆರಿಸಿದ ವೀರ್ಯದ ಮಾತು, 90 ಪರ್ಸೆಂಟ್ ಹೆಣ್ಣುಗರ ಗ್ಯಾರಂಟಿ ಅಂತ ಮಾರ್ತಾರ. ಜಾಸ್ತಿ ರೊಕ್ಕ ಕೊಟ್ಟು ಹಾಕ್ಸಿದ್ರೂ ಹೋರಿಗರ ಹುಟ್ಟಿದ್ರ ಒಬ್ರು ಮೋಸ ಅಂತಾರ, ಇನ್ನೊಬ್ರು ಡಾಕ್ಟ್ರ ಕೈಗುಣ ಅಂತಾರ. ಖರೇ ಕಾರಣ ಜೀವಕೋಶ ಒಂದೊಂದಾಗಿ ಆರಿಸೋ ಸೆಲ್ ಸಾರ್ಟರ್ ಅನ್ನೋ ಮಷೀನ್‌ನಾಗ ಅದ.

1965ರಾಗ ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬಿನ ಮ್ಯಾಕ್ ಫುಲ್‌ವೈಲರ್ ಇಂಕ್‌ಜೆಟ್ ಐಡಿಯಾ ತಗೊಂಡು ಒಂದೊಂದ್ ಹನಿಗೆ ಕರೆಂಟ್ ಚಾರ್ಜ್ ಕೊಟ್ಟು ಜೀವಕೋಶ ಬೇರೆ ಮಾಡಿದ್ರು, ಆಮ್ಯಾಲ ಸ್ಟ್ಯಾನ್‌ಫರ್ಡ್‌ನ ಲೆನ್ ಹರ್ಜನ್‌ಬರ್ಗ್ ಅದಕ್ಕ ಹೊಳಿಯೋ ಡೈ ಸೇರ್ಸಿದ್ರು, 1989ರಾಗ ಲಾರೆನ್ಸ್ ಜಾನ್ಸನ್ ತಂಡ ಹಿಂಗ ಆರಿಸಿದ ವೀರ್ಯಾಣುವಿಂದ ಮೊಲದ ಮರಿ ಹುಟ್ಸಿ ತೋರಿಸ್ತು.

ತಲಿನೋವೆಲ್ಲ ಪ್ಯೂರಿಟಿದು, ಅಂದ್ರ ಆರಿಸಿದ್ರಾಗ ಬೇಕಾದ ವೀರ್ಯಾಣು ಎಷ್ಟು ಪರ್ಸೆಂಟ್ ಅನ್ನೋದು. ಹೋರಿ ವೀರ್ಯದಾಗ ಹೆಣ್ಣುಗರ ಕೊಡೋ ಎಕ್ಸ್ ವೀರ್ಯಾಣುವಿನ ಡಿಎನ್‌ಎ, ಹೋರಿಗರ ಕೊಡೋ ವೈಗಿಂತ ಬರೀ 4 ಪರ್ಸೆಂಟ್‌ನಷ್ಟು ಜಾಸ್ತಿ. ಹೆಕ್ಸ್ಟ್ 33342 ಡೈ ಹಾಕಿ ಲೇಸರ್ ಬಿಟ್ರ ಎಕ್ಸ್ ಒಂಚೂರು ಜಾಸ್ತಿ ಹೊಳೀತದ, ಆದ್ರ ವೀರ್ಯಾಣು ತಲಿ ಚಪ್ಪಟಿ ನೋಡ್ರಿ, ಓರೆಯಾಗಿ ಹಾದ್ರ ಆ ಫರಕೇ ಮುಚ್ಚಿ ಹೋಗ್ತದ. ಅದಕ್ಕ ನಾಝಲ್ ಆಕಾರ ಬದಲಿಸಿ ಎಲ್ಲಾನೂ ಒಂದೇ ಮಗ್ಗಲಿಗೆ ತಿರುಗೋಹಂಗ ಮಾಡಿದ್ರು. ಸತ್ತ ವೀರ್ಯಾಣುವಿನ ಒಳಗಷ್ಟೇ ಹೋಗೋ ಕೆಂಪು ಫುಡ್ ಕಲರ್ ಹಾಕಿ ಅವುನ್ನ ಮಬ್ಬು ಮಾಡಿ ಹೊರಗ ಹಾಕಿದ್ರು. ಒಂದೇ ಹನಿಯಾಗ ಎಕ್ಸ್ ವೈ ಎರಡೂ ಸಿಕ್ಕೊಂಡ್ರ ಆ ಹನಿ ಸೀದಾ ವೇಸ್ಟಿಗೆ. ಲೇಸರ್ ದಾಟಿದ ಮ್ಯಾಲ ಹನಿ ಕಡಿಯೋಕ ಹಿಡಿಯೋ ಟೈಮಿಗೆ ಡ್ರಾಪ್ ಡಿಲೇ ಅಂತಾರ, ಅದು ಒಂಚೂರು ಹಿಂದ ಮುಂದ ಸರಿದ್ರ ಚಾರ್ಜ್ ಬ್ಯಾರೆ ಹನಿಗೇ ಬೀಳ್ತದ (ರೂಮಿನ ಉಷ್ಣತೆ ಏರಿಳಿದ್ರೂ ಇದು ಸರೀತದ, ಕಲಬುರಗಿ ಬ್ಯಾಸಿಗ್ಯಾಗ ಎಸಿ ಕೈಕೊಟ್ಟ ಲ್ಯಾಬಿನ ಗತಿ ನೀವೇ ಊಹಿಸ್ಕೋರಿ).

ಇಷ್ಟೆಲ್ಲ ಮಾಡಿದ್ರೂ ಹೊಳಪು ತೋರಿಸೋ ಗ್ರಾಫ್‌ನಾಗ ಎಕ್ಸ್ ವೈ ಗುಡ್ಡಗಳ ಅಂಚು ಒಂದ್ರ ಮ್ಯಾಲೊಂದು ಬೀಳ್ತಾವ. ಎಕ್ಸ್ ಆರಿಸೋ ಗೆರಿ ಬಿಗಿ ಎಳದ್ರ ಪ್ಯೂರಿಟಿ ಏರ್ತದ, ಕೈಗೆ ಸಿಗೋ ವೀರ್ಯಾಣು ಇಳೀತಾವ, ತಾಸಿಗೆ ಆಗೋ ಸ್ಟ್ರಾನೂ (ವೀರ್ಯ ತುಂಬೋ ಸಣ್ಣ ಕೊಳವಿ) ಕಮ್ಮಿ, ರೇಟ್ ಮ್ಯಾಲ. ಸುಮಾರು 90ಕ್ಕ ನಿಂತಿದ್ದು ಈ ಹೊಂದಾಣಿಕಿಯಿಂದ. ಅಂದ್ರ ಹತ್ತರಾಗ ಒಂದು ಹೋರಿಗರ ಮೊದಲಿಂದಲೂ ಲೆಕ್ಕದಾಗೇ ಅದ, ಅದನ್ನ ಗ್ಯಾರಂಟಿ ಅಂತ ಮಾರಿದ್ದಕ್ಕ ಜಗಳ.

2024ರ ಅಕ್ಟೋಬರ್‌ನಾಗ ಮಹಾರಾಷ್ಟ್ರದ ವಾಶಿಮ್‌ದಾಗ ಹಿಂಗ ವೀರ್ಯ ಆರಿಸೋ ದೇಶೀ ಟೆಕ್ನಾಲಜಿ ಬಿಡುಗಡಿ ಆತು, ರೇಟ್ ಇಳಿಸೋ ಉದ್ದೇಶ, ಒಳ್ಳೇದೇ. ಆದ್ರ ಸೆಕ್ಸ್ಡ್ ಸ್ಟ್ರಾದಾಗ ಸಾಮಾನ್ಯವಾಗಿ ಇರೋದು 20 ಲಕ್ಷದಷ್ಟು ವೀರ್ಯಾಣು, ಮಾಮೂಲಿದ್ರಾಗ 2 ಕೋಟಿ. ಗಬ್ಬ ನಿಲ್ಲೋದು ಒಂಚೂರು ಕಮ್ಮಿನೇ, ಹಂಗಾಗಿ ಚಲೋ ಬೆಳದ ಮಣಕಕ್ಕ, ಬೆದಿ ಸರಿಯಾಗಿ ನೋಡಿ ಹಾಕ್ಸಬೇಕು. ಸ್ಟ್ರಾ ಕೊಡೋ ಹೊತ್ತಿಗೆ ಈ ಮಾತು ರೈತರ ಕಿವಿಗೆ ಬೀಳೋದು ಅಪರೂಪ.