ಸ್ಟ್ರಾಂಗ್ ಕಾಫಿಗೆ ಚಿಕೋರಿ ಎಷ್ಟು ಹಾಕಿಸಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರಿಗೂ ಸ್ಟ್ರಾಂಗ್ ಕಾಫಿ ಬೇಕು. ಈಗ 80 ಪಾಲು ಕಾಫಿ, 20 ಪಾಲು ಚಿಕೋರಿ ಇರುವ 80-20 ಪುಡಿ ತರುತ್ತಿದ್ದೇವೆ. ಚಿಕೋರಿ ಜಾಸ್ತಿ ಮಾಡಿ 60-40 ಹಾಕಿಸಿದರೆ ಇನ್ನೂ ಸ್ಟ್ರಾಂಗ್ ಆಗುತ್ತದೆಯೇ?

ಆಗುವುದಿಲ್ಲ. ಇರುವುದೂ ಕಡಿಮೆಯಾಗುತ್ತದೆ.

ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ, ಲೆಕ್ಕ ಇಟ್ಟಿಲ್ಲ. ಆದರೂ ಪುಡಿ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು, "ಸ್ಟ್ರಾಂಗ್ ಇರ್ಲಿ, ಚಿಕೋರಿ ಸ್ವಲ್ಪ ಜಾಸ್ತಿ ಹಾಕಿ" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಚಿಕೋರಿ ಕಾಫಿ ಬೀಜವೇ ಅಲ್ಲ. ಅದೊಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಮೂಲಂಗಿಯ ಹಾಗೆ ಕಿತ್ತು, ಹೆಚ್ಚಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬೆಳಗ್ಗೆ ಮಂಪರು ಬಿಡಿಸಿ ಕಣ್ಣು ತೆರೆಸುವುದು ಕೆಫೀನ್. 100 ಗ್ರಾಂ ಪುಡಿಯಲ್ಲಿ 40 ಗ್ರಾಂ ಬೇರಿದ್ದರೆ ಕಾಫಿ ಉಳಿಯುವುದು 60 ಗ್ರಾಂ ಮಾತ್ರ. ಮೊದಲು 80 ಇತ್ತು. ಇಷ್ಟೇ ಲೆಕ್ಕ.

ಮತ್ತೆ ಸ್ಟ್ರಾಂಗ್ ಅನ್ನಿಸುವುದು ಯಾಕೆ? ಬಣ್ಣ ನೋಡಿ. ಕಾಫಿ ಪುಡಿಯಲ್ಲಿ ಬಿಸಿನೀರಿಗೆ ಇಳಿಯುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ಚಿಕೋರಿಯಲ್ಲಿ ಅದರ ಎರಡರಷ್ಟು ಇಳಿಯುತ್ತದೆ. ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಬರುತ್ತದೆ. ಹಾಲು ಜಾಸ್ತಿ ಬಿದ್ದರೂ ಬಣ್ಣ ಉಳಿಯುತ್ತದೆ. ನಾಲಿಗೆಗೆ ಕಹಿಯೂ ಹತ್ತುತ್ತದೆ. ಕಪ್ಪು, ಕಹಿ, ಗಟ್ಟಿ ಮೂರೂ ಸೇರಿದರೆ ಸ್ಟ್ರಾಂಗ್ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ.

ನಂಬಿಕೆ ಬರದಿದ್ದರೆ ಗಾಜಿನ ಲೋಟದ ತುಂಬ ತಣ್ಣೀರು ತಗೊಳ್ಳಿ. ಮೇಲೆ ಅರ್ಧ ಚಮಚ ಪುಡಿ ಉದುರಿಸಿ, ಕಲಕದೆ ನೋಡುತ್ತಾ ಕೂರಿ. ಕಾಫಿ ಪುಡಿಯಲ್ಲಿ ಎಣ್ಣೆಯಂಶ ಇರುವುದರಿಂದ ಅದು ತೇಲುತ್ತದೆ. ಚಿಕೋರಿ ಮಾತ್ರ ಕಂದು ಗೆರೆ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ. ಇದನ್ನು ನಾನು ಎಷ್ಟೋ ಅಡುಗೆಮನೆಗಳಲ್ಲಿ ಮಾಡಿ ತೋರಿಸಿದ್ದೇನೆ. ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಈ ಪ್ರಶ್ನೆ ಕೇಳಿಲ್ಲ.

ಹಾಗಂತ ಚಿಕೋರಿ ಕಲಬೆರಕೆ ಅಲ್ಲ. ಪೊಟ್ಟಣದ ಮೇಲೆ ಪ್ರಮಾಣ ಬರೆದು ಮಾರಬೇಕು, ನೂರರಲ್ಲಿ ಕಾಫಿ ಕನಿಷ್ಠ 51 ಪಾಲು ಇರಬೇಕು ಅನ್ನುವುದು ನಿಯಮ. ನಮ್ಮ ಮನೆಯಲ್ಲೂ 80-20 ಪುಡಿಯೇ. ಆ ಮಂದ, ಆ ಸುಟ್ಟ ಬೆಲ್ಲದಂಥ ವಾಸನೆ ನನಗೆ ಇಷ್ಟ. ರುಚಿಗೆ ಅಂತ ಹಾಕಿಸಿ, ಸ್ಟ್ರಾಂಗ್‌ಗೆ ಅಂತ ಬೇಡ.

ನಿಜವಾಗಿ ಸ್ಟ್ರಾಂಗ್ ಬೇಕಾದರೆ ಬೀಜದಲ್ಲಿ ರೋಬಸ್ಟಾ ಜಾತಿಯ ಕಾಫಿ ಸ್ವಲ್ಪ ಸೇರಿಸಲು ಹೇಳಿ. ಇನ್ನೊಂದು ಜಾತಿಯಾದ ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಸುಮಾರು ಎರಡರಷ್ಟು. ಅಥವಾ ಫಿಲ್ಟರ್‌ಗೆ ಪುಡಿ ಜಾಸ್ತಿ, ನೀರು ಕಡಿಮೆ ಹಾಕಿ. ಮುಚ್ಚಿಟ್ಟು ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಅವಸರಕ್ಕೆ ಫಿಲ್ಟರ್ ಕುಟ್ಟಬೇಡಿ. ಡಿಕಾಕ್ಷನ್ ಆರಿದರೆ ಒಲೆಯ ಮೇಲಿಟ್ಟು ಕುದಿಸಬೇಡಿ, ಘಮ ಪೂರ್ತಿ ಹೋಗುತ್ತದೆ.

ಡಿಕಾಕ್ಷನ್ ಅಂದ ಕೂಡಲೇ, ಯಾರೂ ಕೇಳದ ಒಂದು ವಿಷಯ ಹೇಳಬೇಕು. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್. ಘಮ, ಕೆಫೀನ್ ಎರಡೂ ಮೊದಲ ಸಲವೇ ಬಹುಪಾಲು ಇಳಿದಿರುತ್ತವೆ. ಎರಡನೆಯದು ಹೆಸರಿಗೆ ಕಾಫಿ, ಅಲ್ವಾ? ಅದನ್ನು ಕುಡಿಯುವುದು ಯಾರು? ನಮ್ಮ ಮನೆಯಲ್ಲಿ ಅಮ್ಮ. ಐದಕ್ಕೆ ಎದ್ದು ಫಿಲ್ಟರ್ ಹಾಕುತ್ತಿದ್ದವರು ಅವರು. ಅಪ್ಪನಿಗೆ, ಅಜ್ಜಿಗೆ, ಬಂದವರಿಗೆ, ನಮಗೆ ಎಲ್ಲ ಕೊಟ್ಟು, ಹತ್ತು ಗಂಟೆಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಆ ತಿಳಿನೀರನ್ನು ಲೋಟ ಹಿಡಿದು ನಿಧಾನಕ್ಕೆ ಕುಡಿಯುತ್ತಿದ್ದರು. ಆ ಹತ್ತು ನಿಮಿಷ ಯಾರೂ ಅವರನ್ನು ಕರೆಯುವ ಹಾಗಿರಲಿಲ್ಲ. ಅವರಿಗೆ ಅದೇ ಸುಖವಾಗಿತ್ತು, ನಿಜ. ಆದರೆ ಲೋಟದಲ್ಲಿ ಒಳ್ಳೆಯ ಕಾಫಿಯೇ ಇರಬಹುದಿತ್ತು.

ಈಗ ನಾವು ಮೊದಲ ಡಿಕಾಕ್ಷನ್ನಿನಲ್ಲೇ ಅಮ್ಮನ ಪಾಲು ತೆಗೆದಿಟ್ಟು ಆಮೇಲೆ ಉಳಿದವರಿಗೆ ಬಗ್ಗಿಸುತ್ತೇವೆ. ನೀವು "ಎಲ್ಲರಿಗೂ" ಅಂತ ಬರೆದಿದ್ದೀರಿ. ಆ ಎಲ್ಲರಲ್ಲಿ ಕಾಫಿ ಮಾಡುವವರನ್ನೂ ಲೆಕ್ಕಕ್ಕೆ ಹಿಡಿದು, ಫಿಲ್ಟರ್‌ಗೆ ಇನ್ನೊಂದು ಚಮಚ ಪುಡಿ ಜಾಸ್ತಿ ಹಾಕಿ.