ವೈರೇ ಇಲ್ಲದ ಸ್ವಿಚ್ಚು

ನಮ್ಮ ಮನೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ನಾಲ್ಕು ಹಾರ್ಡ್ ಡಿಸ್ಕ್, ಒಂದೇ ಒಂದು ನೆಟ್‌ವರ್ಕ್ ಕೇಬಲ್. ಮನೆಯವರ ಫೋಟೋ, ವಿಡಿಯೋ, ಕಾಗದಪತ್ರ ಎಲ್ಲ ಅದರಲ್ಲೇ. ಇಂಥ ಪೆಟ್ಟಿಗೆಗೆ ನಾಸ್ ಅಂತಾರೆ. ಅದರೊಳಗೆ ಎರಡು ವರ್ಚುವಲ್ ಮಷೀನ್ (ಚಿಕ್ಕದಾಗಿ ವಿಎಂ) ಓಡುತ್ತಿವೆ, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್‌ಗಳು. ಒಂದರಲ್ಲಿ ಫೋಟೋ ತೋರಿಸುವ ಆ್ಯಪ್, ಇನ್ನೊಂದರಲ್ಲಿ ಅದರ ಡೇಟಾಬೇಸ್.

ಶುರುವಿನಲ್ಲೇ ಒಂದು ವಿಚಿತ್ರ ಎದುರಾಯಿತು. ಫೋಟೋ ವಿಎಂಗೆ ಇಂಟರ್ನೆಟ್ ಸಿಗುತ್ತಿತ್ತು. ನನ್ನ ಲ್ಯಾಪ್‌ಟಾಪಿಗೆ ಆ ವಿಎಂ ಸಿಗುತ್ತಿತ್ತು, ನಾಸೂ ಸಿಗುತ್ತಿತ್ತು. ಆದರೆ ವಿಎಂಗೆ ನಾಸ್ ಮಾತ್ರ ಸಿಗುತ್ತಿರಲಿಲ್ಲ. ಯಾವ ಪೆಟ್ಟಿಗೆಯ ಹೊಟ್ಟೆಯಲ್ಲಿ ಕೂತಿದೆಯೋ ಅದನ್ನೇ ಕರೆದರೆ ಉತ್ತರವಿಲ್ಲ! ಎರಡು ಸಂಜೆ ಸುಮ್ನೆ ಫೈರ್‌ವಾಲ್ ತಡಕಾಡಿದೆ. ತಪ್ಪು ಅಲ್ಲಿರಲಿಲ್ಲ.

ನಾನು ವಿಎಂ ಅನ್ನು ನೇರವಾಗಿ ನೆಟ್‌ವರ್ಕ್ ಕಾರ್ಡಿಗೆ ಕಟ್ಟಿದ್ದೆ. ಲಿನಕ್ಸ್‌ನಲ್ಲಿ ಇದಕ್ಕೆ ಮ್ಯಾಕ್‌ವಿಟ್ಯಾಪ್ ಅನ್ನುವ ವ್ಯವಸ್ಥೆ ಇದೆ. ಇದರಲ್ಲಿ ವಿಎಂ ಕಳಿಸಿದ್ದು ಸೀದಾ ಕೇಬಲ್ ಹಿಡಿದು ಹೊರಗೆ ಹೋಗುತ್ತದೆ. ದಾರಿಯಲ್ಲೇ ಇರುವ ನಾಸ್ ಅದನ್ನು ತೆಗೆದುಕೊಳ್ಳುವುದಿಲ್ಲ. ಆಚೆ ರೂಟರ್‌ನ ಸ್ವಿಚ್ಚಿಗೆ, ಅಂದರೆ ಒಂದು ಕೇಬಲ್‌ನಿಂದ ಬಂದದ್ದನ್ನು ಸರಿಯಾದ ಇನ್ನೊಂದು ಕೇಬಲ್‌ಗೆ ದಾಟಿಸುವ ಭಾಗಕ್ಕೆ, ತಲುಪಿದಾಗ ಇನ್ನೊಂದು ತೊಡಕು. ನಾಸ್ ಇರುವುದೂ ಅದೇ ಕೇಬಲ್‌ನ ತುದಿಯಲ್ಲಿ. ಒಂದು ಪೋರ್ಟಿನಿಂದ ಬಂದದ್ದನ್ನು ಅದೇ ಪೋರ್ಟಿಗೆ ವಾಪಸ್ ಕಳಿಸಬಾರದು ಅನ್ನುವುದು ಮಾಮೂಲಿ ಸ್ವಿಚ್ಚುಗಳ ನಿಯಮ. ಹಾಗಾಗಿ ಅದು ನನ್ನ ವಿಎಂ ಕಳಿಸಿದ್ದನ್ನೆಲ್ಲ ಮರುಮಾತಿಲ್ಲದೆ ಬಿಸಾಕುತ್ತಿತ್ತು. ಹಾಗೊಮ್ಮೆ ವಾಪಸ್ ಕಳಿಸಿದ್ದರೂ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೇ ಆಗುತ್ತಿತ್ತು, ಅಲ್ವಾ? ಒಂದೇ ಪೆಟ್ಟಿಗೆಯೊಳಗಿನ ಮಾತು ಹೊರಗೆ ಯಾಕೆ ಹೋಗಬೇಕು?

ಪರಿಹಾರದ ಹೆಸರು ಬ್ರಿಡ್ಜ್. ಹೆಸರು ಸೇತುವೆಯದ್ದು, ಕೆಲಸ ಸ್ವಿಚ್ಚಿನದ್ದು. ಲಿನಕ್ಸ್‌ನಲ್ಲಿ ಒಂದೇ ಸಾಲಿನ ಆಜ್ಞೆ ಕೊಟ್ಟರೆ ಹುಟ್ಟಿಕೊಳ್ಳುತ್ತದೆ. ನಿಜವಾದ ಕಾರ್ಡನ್ನು ಅದಕ್ಕೆ ಸೇರಿಸದೆ ಬಿಟ್ಟರೆ ಅದು ಪೂರ್ತಿ ಒಳಗಿನ ಸ್ವಿಚ್. ಅದು ವಿಎಂಗಳಿಗೆ ಮತ್ತು ನಾಸ್‌ಗೇ ಮೀಸಲು. ಬಿಚ್ಚಿ ನೋಡಿದರೆ ಅಲ್ಲಿರುವುದು ಮೆಮೊರಿಯಲ್ಲಿನ ಒಂದು ಪಟ್ಟಿ: ಯಾವ ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತಿನ ನಂಬರು) ಯಾವ ಪೋರ್ಟಿನಲ್ಲಿದೆ ಅಂತ. ಯಾರೂ ಬರೆದುಕೊಡಬೇಕಾಗಿಲ್ಲ. ಯಾರು ಯಾವ ಕಡೆಯಿಂದ ಮಾತಾಡಿದರು ಅನ್ನುವುದನ್ನು ನೋಡಿ ತಾನೇ ಕಲಿಯುತ್ತದೆ. ಯಾರಾದರೂ 300 ಸೆಕೆಂಡು ಸುಮ್ಮನಿದ್ದರೆ ಅವರನ್ನು ಮರೆತೂಬಿಡುತ್ತದೆ.

ಆ ಮ್ಯಾಕ್ ವಿಳಾಸದಲ್ಲೇ ಒಂದು ಸ್ವಾರಸ್ಯವಿದೆ. ನಿಜವಾದ ಕಾರ್ಡಿನ ವಿಳಾಸ ಕಾರ್ಖಾನೆಯಿಂದಲೇ ಬರುತ್ತದೆ. ಇಲ್ಲದ ಕಾರ್ಡಿಗೆ ಎಲ್ಲಿಂದ ತರುವುದು? ನನ್ನ ವಿಎಂಗಳ ವಿಳಾಸ 52:54:00 ಅಂತ ಶುರುವಾಗುತ್ತದೆ. ಈ 52 ಹದಿನಾರರ ಎಣಿಕೆಯಲ್ಲಿ ಬರೆದದ್ದು. ಸೊನ್ನೆ-ಒಂದುಗಳಲ್ಲಿ ಬರೆದರೆ 01010010. ಬಲದಿಂದ ಎರಡನೆಯ ಅಂಕಿ 1 ಇದೆ ನೋಡಿ. 'ಇದು ಕಾರ್ಖಾನೆಯ ನಂಬರಲ್ಲ, ಇಲ್ಲೇ ಇಟ್ಟುಕೊಂಡ ಹೆಸರು' ಅನ್ನುವುದಕ್ಕೆ ಆ 1 ಗುರುತು.

ಇನ್ನು ವೇಗ. ಮನೆಯ ಗಿಗಾಬಿಟ್ ಕೇಬಲ್‌ನಲ್ಲಿ ಎಷ್ಟು ಒದ್ದಾಡಿದರೂ ಸೆಕೆಂಡಿಗೆ 125 ಮೆಗಾಬೈಟ್ ದಾಟುವುದಿಲ್ಲ. ಒಳಗಿನ ಬ್ರಿಡ್ಜ್‌ಗೆ ಈ ಮಿತಿ ಇಲ್ಲ, ಯಾಕಂದ್ರೆ ಅಲ್ಲಿ ತಂತಿಯೇ ಇಲ್ಲ. ಒಂದು ವಿಎಂನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನಕಲು ಮಾಡಿದರೆ ಮುಗಿಯಿತು. ಪ್ರೊಸೆಸರ್ ಎಷ್ಟು ಬೇಗ ನಕಲು ಮಾಡುತ್ತದೋ ಅಷ್ಟೇ ವೇಗ. ಆದರೆ ವಿಎಂಗೆ ವರ್ಟಿಯೋ ಕಾರ್ಡನ್ನೇ, ಅಂದರೆ ವಿಎಂಗಳಿಗೆಂದೇ ಮಾಡಿದ ಕಾಲ್ಪನಿಕ ಕಾರ್ಡನ್ನೇ, ಕೊಡಬೇಕು. ಹಳೆಯ ಇಂಟೆಲ್ ಕಾರ್ಡಿನ ವೇಷ ಕೊಟ್ಟರೆ, ಆ ಕಾರ್ಡಿನ ಒಂದೊಂದು ಚಾಳಿಯನ್ನೂ ಹೋಸ್ಟ್, ಅಂದರೆ ವಿಎಂ ಓಡಿಸುವ ನಾಸ್, ನಟಿಸಬೇಕಾಗುತ್ತದೆ. ವರ್ಟಿಯೋದಲ್ಲಿ ಈ ನಾಟಕವಿಲ್ಲ. ತಾನು ವಿಎಂ ಅಂತ ವಿಎಂಗೂ ಗೊತ್ತು. ಇಬ್ಬರೂ ಒಂದೇ ಮೆಮೊರಿ ತುಂಡನ್ನು ಹಂಚಿಕೊಂಡು ಕೆಲಸ ಮುಗಿಸುತ್ತಾರೆ. ಹಾಗಂತ ತಿರುಗುವ ಡಿಸ್ಕಿನಲ್ಲಿರುವ ಫೋಟೋ ಏನೂ ಜಾಸ್ತಿ ಬೇಗ ಬರುವುದಿಲ್ಲ. ಅಲ್ಲಿ ಕಾಯಿಸುವುದು ಡಿಸ್ಕು.

ಐಪಿ ವಿಳಾಸ ಕೊಡುವಾಗ ಸ್ವಲ್ಪ ಹುಷಾರು ಬೇಕು. ಖಾಸಗಿ ಬಳಕೆಗೆ ಅಂತಲೇ ಮೂರು ಶ್ರೇಣಿಗಳಿವೆ. 1996ರ ಆರ್‌ಎಫ್‌ಸಿ 1918 ಅನ್ನುವ ದಾಖಲೆಯಲ್ಲಿ ಇವು ಬರುತ್ತವೆ. ನಮ್ಮ ರೂಟರ್ ಆಗಲೇ 192.168.1 ಹಿಡಿದುಕೊಂಡಿದೆ. ಒಳಗಿನ ಬ್ರಿಡ್ಜ್‌ಗೂ ಅದನ್ನೇ ಕೊಟ್ಟರೆ, ಮನೆ ಕಡೆಗೊಂದು, ಒಳಗೊಂದು ಅಂತ ಎರಡು ಕಾರ್ಡಿರುವ ಫೋಟೋ ವಿಎಂಗೆ ಯಾವುದರಿಂದ ಕಳಿಸಬೇಕು ಅಂತ ಗೊಂದಲ. ಅದಕ್ಕೇ 10.10.10 ಇಟ್ಟುಕೊಂಡೆ. ನಾಸ್‌ಗೆ 1, ಫೋಟೋ ವಿಎಂಗೆ 2, ಡೇಟಾಬೇಸಿಗೆ 3. ಇಲ್ಲಿ ವಿಳಾಸ ಹಂಚುವ ರೂಟರ್ ಇಲ್ಲ, ಎಲ್ಲವನ್ನೂ ಕೈಯಾರೆ ಬರೆಯಬೇಕು.

ಕೈಯಾರೆ ಬರೆಯಲು ಹೋಗಿಯೇ ನಾನು ಎಡವಿದ್ದು. ಫಾರ್ಮಿನಲ್ಲಿ 'ಗೇಟ್‌ವೇ' ಅನ್ನುವ ಜಾಗ ಖಾಲಿ ಇತ್ತು. ಖಾಲಿ ಜಾಗ ಕಂಡರೆ ತುಂಬುವ ಚಟ ನನಗೆ. 10.10.10.1 ಅಂತ ತುಂಬಿದೆ. ಮರುಕ್ಷಣವೇ ಫೋಟೋ ವಿಎಂನ ಇಂಟರ್ನೆಟ್ ಹೋಯಿತು. ಗೇಟ್‌ವೇ ಅಂದರೆ 'ಗುರುತಿಲ್ಲದ ಊರಿಗೆಲ್ಲ ಈ ಬಾಗಿಲಿಂದ ಹೋಗು' ಅಂತ. ನಾನು ತೋರಿಸಿದ ಬಾಗಿಲಿನ ಹಿಂದೆ ಗೋಡೆ ಇತ್ತು. ಖಾಸಗಿ ಕಾರ್ಡಿನಲ್ಲಿ ಆ ಜಾಗ ಖಾಲಿಯೇ ಇರಬೇಕು.

ಈಗ ಫೋಟೋ ವಿಎಂಗೆ ಎರಡು ಕಾರ್ಡು. ಒಂದು ಮನೆಯ ವೈಫೈ ಕಡೆಗೆ, ಇನ್ನೊಂದು ಒಳಗೆ. ಡೇಟಾಬೇಸಿಗೆ ಒಳಗಿನದ್ದು ಮಾತ್ರ. ಮನೆಗೆ ಬಂದವರು ವೈಫೈ ಪಾಸ್‌ವರ್ಡ್ ಕೇಳಿದರೆ ಧಾರಾಳವಾಗಿ ಕೊಡುತ್ತೇನೆ. ಅವರ ಫೋನಿಗೆ ಡೇಟಾಬೇಸಿನ ಸುಳಿವೂ ಸಿಗುವುದಿಲ್ಲ. ಇದೇನೂ ಉಕ್ಕಿನ ಕೋಟೆಯಲ್ಲ. ಫೋಟೋ ವಿಎಂ ಕೆಟ್ಟವರ ಕೈಗೆ ಸಿಕ್ಕರೆ ಅಲ್ಲಿಂದ ಒಳಗೆ ದಾರಿ ಇದ್ದೇ ಇದೆ. ಇನ್ನೊಂದು ಕಿರಿಕಿರಿ ಅಂದರೆ ಡೇಟಾಬೇಸ್ ವಿಎಂಗೆ ಅಪ್‌ಡೇಟ್ ಹಾಕುವಾಗ ಸ್ವಲ್ಪ ಹೊತ್ತಿಗೆ ಅಂತ ಎರಡನೆಯ ಕಾರ್ಡು ಕೊಟ್ಟು, ಆಮೇಲೆ ಕಿತ್ತುಕೊಳ್ಳಬೇಕು.

ಕೊನೆಗೆ ಒಂದು ಪರೀಕ್ಷೆ ಮಾಡಿದೆ. ನಾಸ್‌ಗೆ ಮಾನಿಟರ್ ಹಚ್ಚಿ, ಫೋಟೋ ವಿಎಂನಿಂದ 10.10.10.3ಕ್ಕೆ ಪಿಂಗ್ (ಅಂದರೆ 'ಇದ್ದೀಯಾ?' ಅಂತ ಮತ್ತೆ ಮತ್ತೆ ಕೇಳಿ, ಉತ್ತರಕ್ಕೆ ಹಿಡಿದ ಸಮಯ ತೋರಿಸುವ ಆಜ್ಞೆ) ಶುರು ಮಾಡಿ, ನೆಟ್‌ವರ್ಕ್ ಕೇಬಲ್ಲನ್ನೇ ಕಿತ್ತೆ. ಪರದೆಯ ಮೇಲೆ ಸಾಲುಗಳು ನಿಲ್ಲಲಿಲ್ಲ. 0.3 ಮಿಲಿಸೆಕೆಂಡ್, 0.3, 0.4, ಮತ್ತೆ 0.3. ಕೇಬಲ್ ಕೈಯಲ್ಲೇ ಹಿಡಿದು ನೋಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಹಾಲ್‌ನಿಂದ ಕೂಗು ಬಂತು: "ರೀ, ಸಿನಿಮಾ ನಿಂತೋಯ್ತು!"