ತಾರಸಿಯ ಡಿಶ್‌ಗಿಲ್ಲದ ಗಡಿ ಮೊಬೈಲ್‌ಗೆ ಯಾಕೆ?

ಪ್ರಶ್ನೆ: ಮುಳಬಾಗಿಲಿನ ನಮ್ಮ ಮನೆ ಟಿವಿಗೆ ಕನ್ನಡ, ತೆಲುಗು, ತಮಿಳು ಎಲ್ಲಾ ಬರುತ್ತದೆ. ದುಬೈಯಲ್ಲಿರುವ ತಮ್ಮ ನಮ್ಮದೇ ಆ್ಯಪ್‌ನಲ್ಲಿ ಕ್ರಿಕೆಟ್ ಹಾಕಿದರೆ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅನ್ನುತ್ತದೆ. ಅಲ್ಲಿಗೆ ಸಿಗ್ನಲ್ ಹೋಗಲ್ವಾ?

ಉತ್ತರ: ಇಂಟರ್‌ನೆಟ್ ಇದ್ದಲ್ಲಿಗೆಲ್ಲಾ ಹೋಗುತ್ತದೆ. ಅಡ್ಡ ಬರುವುದು ಕರಾರು.

ಒಮ್ಮೆ ತಾರಸಿ ಹತ್ತಿ ನೋಡಿ. ಡಿಡಿ ಫ್ರೀ ಡಿಶ್ ಆದರೆ ಅದರ ಮುಖ ಆಗ್ನೇಯಕ್ಕೆ, ನಾವು ಅಡುಗೆಮನೆ ಕಟ್ಟುವ ದಿಕ್ಕಿಗೆ, ಇರುತ್ತದೆ. ಆ ಕಡೆ ಸಮಭಾಜಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಜಿಸ್ಯಾಟ್-15 ಎಂಬ ಉಪಗ್ರಹ ಇದೆ. ಅಲ್ಲಿಂದ ಸಿಗ್ನಲ್ ಬೀಳುವುದು ಬಿಸಿಲು ಬಿದ್ದ ಹಾಗೆ. ನಂಗಲಿ ದಾಟಿದರೆ ಆಂಧ್ರ ಅಂತ ಬಿಸಿಲಿಗೇನು ಗೊತ್ತು? ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದ ತಾರಸಿಗಳಿಗೂ ಅದೇ ಸಿಗ್ನಲ್ ಬೀಳುತ್ತದೆ.

ಆಂಟೆನಾ ಕಾಲದಲ್ಲೂ ಹೀಗೇ ಇತ್ತು. 1982ರಲ್ಲಿ ಶ್ರೀಲಂಕಾದಲ್ಲಿ ರೂಪವಾಹಿನಿ ಎಂಬ ಟಿವಿ ಚಾನೆಲ್ ಶುರುವಾದಾಗ, ತಮಿಳುನಾಡಿನ ದಕ್ಷಿಣದವರು ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ ನೋಡುತ್ತಿದ್ದರು. ಅಮೃತಸರದವರು ಲಾಹೋರ್ ಟಿವಿಯ ನಾಟಕ ನೋಡುತ್ತಿದ್ದರು, ಲಾಹೋರಿನವರು ನಮ್ಮ ದೂರದರ್ಶನದ ಹಿಂದಿ ಸಿನಿಮಾ. ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಕಂಬ ಸ್ವಲ್ಪ ತಿರುಗಿಸಿದರೆ ಆಯಿತು! ಇದನ್ನು ನೆನೆದಾಗೆಲ್ಲಾ ನನಗೆ ಖುಷಿಯಾಗುತ್ತದೆ.

ಹಾಗಾದರೆ ನಿಮ್ಮ ತಮ್ಮನಿಗೇಕೆ ಬರಲ್ಲ? ಶ್ರೀನಿವಾಸಪುರದಲ್ಲಿ ಮಾವಿನ ತೋಟ ಗುತ್ತಿಗೆಗೆ ಕೊಡುವುದನ್ನು ನೋಡಿದ್ದೀರಲ್ಲ? ಒಬ್ಬರು ಈ ಫಸಲಿಗೆ ತೋಟ ಹಿಡಿದ ಮೇಲೆ ಪಕ್ಕದ ತೋಟ ಹಿಡಿದವರು ಬಂದು ಒಂದು ಕಾಯಿಯನ್ನೂ ಕೀಳುವ ಹಾಗಿಲ್ಲ. ಕ್ರಿಕೆಟ್ ತೋರಿಸುವ ಹಕ್ಕನ್ನೂ ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ಇಲ್ಲಿ ಹಕ್ಕು ಕೊಂಡವರು ಅಲ್ಲಿ ತೋರಿಸುವಂತಿಲ್ಲ. ಮೊಬೈಲ್‌ನ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ, ನೋಡಿ ಆ್ಯಪ್ ದೇಶವನ್ನು ಗುರುತಿಸುತ್ತದೆ. ಕೋಲಾರದ ಸಿಮ್ ಜೇಬಿನಲ್ಲಿದ್ದರೂ ವೈಫೈ ದುಬೈಯದ್ದಾದರೆ ದುಬೈ ಲೆಕ್ಕವೇ.

ಅಲ್ಲಿ ಯಾರಿಗೆ ಹಕ್ಕಿದೆ ಎಂದು ಕೇಳಿ, ಅವರ ಆ್ಯಪ್ ಹಾಕಿಕೊಳ್ಳಲು ತಮ್ಮನಿಗೆ ಹೇಳಿ. ಕನ್ನಡ ಸುದ್ದಿ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಸುಮ್ನೆ ಹಾಗೇ ಸಿಗುತ್ತವೆ.

ಇನ್ನೊಂದು ಮಾತು. ಇಬ್ಬರೂ ಫೋನ್ ಹಿಡಿದುಕೊಂಡೇ ಮ್ಯಾಚ್ ನೋಡುವುದಾದರೆ, ನೀವು ಸ್ವಲ್ಪ ತಡೆದು ಕೂಗಿ. ಸಿಗ್ನಲ್ ಆಕಾಶಕ್ಕೆ ಹೋಗಿ ಡಿಶ್‌ಗೆ ಇಳಿಯಲು ಕಾಲು ಸೆಕೆಂಡ್ ಸಾಕು. ಆ್ಯಪ್ ಅದಕ್ಕಿಂತ ತುಂಬಾ ಹಿಂದೆ. ನೀವು ‘ಸಿಕ್ಸ್!’ ಅಂದಾಗ ತಮ್ಮನ ಮೊಬೈಲ್‌ನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ.